ವಾರ್ಸಾದ ಅರಮನೆಯಲ್ಲಿ ಒಂದು ಕುಡಿಕೆ ಬೂದಿ

ವಾರ್ಸಾದಲ್ಲಿ ಕ್ರಾಸಿನ್‌ಸ್ಕಿ ಅರಮನೆ ಎಂಬ ಹೆಸರು ಎರಡು ಕಟ್ಟಡಗಳಿಗಿದೆ. ಟ್ಯಾಕ್ಸಿ ಹತ್ತುವ ಮೊದಲೇ ಇದು ಗೊತ್ತಿದ್ದರೆ ಒಳ್ಳೆಯದು. ಒಂದು ಲಲಿತಕಲಾ ಅಕಾಡೆಮಿಯ ವಶದಲ್ಲಿದೆ. ಹಳೆಯ ಹಸ್ತಪ್ರತಿ ನೋಡಬೇಕಾದವರು ಕ್ರಾಸಿನ್‌ಸ್ಕಿ ಚೌಕದ ಇನ್ನೊಂದಕ್ಕೆ ಹೋಗಬೇಕು. ಅದನ್ನು ‘ಗಣರಾಜ್ಯದ ಅರಮನೆ’ ಎಂದೂ ಕರೆಯುತ್ತಾರೆ. ಮೆಟ್ರೊ 1ನೇ ಮಾರ್ಗದ ರಾತುಷ್ ಆರ್ಸೆನಾವ್ ನಿಲ್ದಾಣದಿಂದ ಸುಮಾರು ಹತ್ತು ನಿಮಿಷದ ನಡಿಗೆ, ಪ್ರವೇಶ ಉಚಿತ. ಪೋಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಅಪೂರ್ವ ಸಂಗ್ರಹವನ್ನು ದಶಕಗಳಿಂದ ಇಲ್ಲೇ ಇಟ್ಟುಕೊಂಡಿದ್ದರೂ, ಶಾಶ್ವತ ಪ್ರದರ್ಶನಕ್ಕೆಂದು ಎಲ್ಲರಿಗೂ ಬಾಗಿಲು ತೆರೆದದ್ದು 2024ರಲ್ಲಿ. ಕೂತು ಪುಸ್ತಕ ಓದುವ ಇರಾದೆಯಿದ್ದರೆ ಗ್ರಂಥಾಲಯದ ಮುಖ್ಯ ಕಟ್ಟಡ ಬೇರೆ ಕಡೆ, ಅದೇ ಮೆಟ್ರೊದಲ್ಲಿ ದಕ್ಷಿಣಕ್ಕೆ ನಾಲ್ಕನೇ ನಿಲ್ದಾಣವಾದ ಪೋಲೆ ಮೊಕೊತೊವ್‌ಸ್ಕಿಯೆಯ ಹತ್ತಿರ.

ಅರಮನೆ ಕಟ್ಟಿಸಿದವನು ಯಾನ್ ದೊಬ್ರೊಗೊಸ್ತ್ ಕ್ರಾಸಿನ್‌ಸ್ಕಿ. ಕೆಲಸ ಶುರುವಾದದ್ದು 1677ರಲ್ಲಿ, ಡಚ್ ಮೂಲದ ವಾಸ್ತುಶಿಲ್ಪಿ ಟಿಲ್ಮನ್ ಫಾನ್ ಗಾಮರೆನ್ ಕೈಯಲ್ಲಿ. ಒಳಗೆ ಹೋಗುವ ಮೊದಲು ಛಾವಣಿಯಂಚಿನ ತ್ರಿಕೋನ ಫಲಕ ನೋಡಿ. ಮುಂದೆ ಬರ್ಲಿನ್ನಿನ ರಾಜರಮನೆಗೆ ಕೆಲಸ ಮಾಡಿದ ಆಂಡ್ರೆಯಾಸ್ ಶ್ಲೂಟರ್‌ನ ಶಿಲ್ಪ ಅದು. ಕಾಗೆಯ ನೆರವಿನಿಂದ ಕಾಳಗ ಗೆದ್ದನೆನ್ನುವ ರೋಮನ್ ಸೇನಾನಿ ವಲೇರಿಯಸ್ ಕೊರ್ವಿನಸ್ ಅದರ ನಾಯಕ. ಕ್ರಾಸಿನ್‌ಸ್ಕಿಗಳ ವಂಶಲಾಂಛನದಲ್ಲೂ ಕಾಗೆಯಿದೆ, ಹಾಗಾಗಿ ಅವನೇ ತಮ್ಮ ಮೂಲಪುರುಷ ಅಂದುಬಿಟ್ಟರು. ವಂಶಾವಳಿ ಬರೆಸುವವರ ಧೈರ್ಯ ಎಲ್ಲ ದೇಶದಲ್ಲೂ ಒಂದೇ. 1765ರಲ್ಲಿ ಸರ್ಕಾರ ಖಜಾನೆಯ ಕಚೇರಿಗಾಗಿ ಇದನ್ನು ಕೊಂಡಿತು, ಆಮೇಲೆ ನ್ಯಾಯಾಲಯವೂ ಇಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಕಟ್ಟಡ ಹಾಳಾಯಿತು. ಈಗ ಕಾಣುವುದರ ಬಹುಭಾಗ ಯುದ್ಧದ ನಂತರ ಮತ್ತೆ ಕಟ್ಟಿದ್ದು.

ಪುಸ್ತಕಗಳ ಕಥೆ ಮಾತ್ರ ಇನ್ನೊಂದು ಮನೆಯದು. ಇಲ್ಲಿಂದ ದೂರವಲ್ಲದ ದಾನಿವೊವಿಚ್ ಅರಮನೆಯಲ್ಲಿ 1747ರಲ್ಲಿ ಜಾವುಸ್ಕಿ ಸಹೋದರರು, ಇಬ್ಬರೂ ಬಿಷಪ್ಪರು, ತಮ್ಮ ಗ್ರಂಥಭಂಡಾರವನ್ನು ಊರವರಿಗೆ ತೆರೆದರು. ಯುರೋಪಿನ ಆರಂಭದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅದೊಂದು, ಸಂಗ್ರಹ ಬೆಳೆದು ಸುಮಾರು 4 ಲಕ್ಷ ಮುಟ್ಟಿತು. ಬಾಗಿಲು ತೆರೆದದ್ದೇ ಕಳ್ಳತನವೂ ಶುರು. ಪುಸ್ತಕ ಹೊತ್ತೊಯ್ದವರಿಗೆ ಧರ್ಮಬಹಿಷ್ಕಾರವೆಂದು ಪೋಪ್ ಆಜ್ಞೆ ಹೊರಡಿಸಬೇಕಾಯಿತು.

ಆದರೆ 1794ರಲ್ಲಿ ರಷ್ಯದ ಸೈನ್ಯ ಇಡೀ ಗ್ರಂಥಾಲಯವನ್ನೇ ಹೊತ್ತೊಯ್ದಾಗ ಯಾವ ಬಹಿಷ್ಕಾರವೂ ಉಪಯೋಗಕ್ಕೆ ಬರಲಿಲ್ಲ. ಕ್ಯಾಥರೀನ್ ರಾಣಿಯ ಅಪ್ಪಣೆಯಂತೆ ಪೆಟ್ಟಿಗೆಗಳು ಸೇಂಟ್ ಪೀಟರ್ಸ್‌ಬರ್ಗ್ ಸೇರಿ, ಅಲ್ಲಿನ ಸಾಮ್ರಾಜ್ಯ ಗ್ರಂಥಾಲಯಕ್ಕೆ ಅಡಿಪಾಯವಾದವು.

1890ರಲ್ಲಿ ಅದೇ ಗ್ರಂಥಾಲಯದಲ್ಲಿ ಅಲೆಕ್ಸಾಂಡರ್ ಬ್ರೂಕ್ನರ್ ಎಂಬ ವಿದ್ವಾಂಸ ಒಂದು ಲ್ಯಾಟಿನ್ ಹಸ್ತಪ್ರತಿಯ ಬೈಂಡಿಂಗ್ ಪರೀಕ್ಷಿಸುತ್ತಿದ್ದ. ಆ ಕಾಲದಲ್ಲಿ ಹೊಲಿಗೆಯ ದಾರ ಕಾಗದವನ್ನು ಕೊಯ್ಯದಂತೆ, ಮಡಿಕೆಯ ನಡುವೆ ಚರ್ಮಪತ್ರದ ಸಣ್ಣ ಪಟ್ಟಿ ಇಡುತ್ತಿದ್ದರು. ಕೆಲಸಕ್ಕೆ ಬಾರದೆಂದು ಬಿಟ್ಟ ಹಳೆಯ ಬರಹವನ್ನೇ ಅದಕ್ಕೆ ಕತ್ತರಿಸುವುದು ರೂಢಿ. ಈ ಪ್ರತಿಯಲ್ಲಿದ್ದ 18 ಪಟ್ಟಿಗಳ ಮೇಲೆ ಪೋಲಿಷ್ ಅಕ್ಷರಗಳಿದ್ದವು. ಜೋಡಿಸಿದಾಗ ಒಂದು ಪೂರ್ಣ, ಐದು ತುಂಡು ಧರ್ಮಪ್ರವಚನಗಳು ಸಿಕ್ಕವು. ‘ಪವಿತ್ರ ಶಿಲುಬೆಯ ಪ್ರವಚನಗಳು’ ಎನ್ನುವ ಇದು ಪೋಲಿಷ್ ಗದ್ಯದ ಅತ್ಯಂತ ಹಳೆಯ ಮಾದರಿ.

ಪೋಲೆಂಡ್ ಮತ್ತು ಸೋವಿಯತ್ ರಷ್ಯದ ನಡುವಿನ 1921ರ ರಿಗಾ ಒಪ್ಪಂದದ ಮೇಲೆ ಪುಸ್ತಕಗಳು ಕಂತುಕಂತಾಗಿ ಮರಳಿದವು. 1928ರಲ್ಲಿ ರಾಷ್ಟ್ರೀಯ ಗ್ರಂಥಾಲಯ ಹುಟ್ಟಿತು. 1939ರಲ್ಲಿ ಯುದ್ಧ ಬಂದಾಗ ಈ ಪ್ರವಚನಗಳು, ಶೋಪಾನ್‌ನ ಸಂಗೀತದ ಹಸ್ತಪ್ರತಿಗಳು ಮುಂತಾದ ಕೆಲವನ್ನಷ್ಟೇ ದೇಶದಾಚೆ ಸಾಗಿಸಿದರು. ಅವು ಕೆನಡಾ ಸೇರಿ 1959ರಲ್ಲಿ ವಾಪಸು ಬಂದವು. ಉಳಿದ ಹಸ್ತಪ್ರತಿ, ಹಳೆಯ ಮುದ್ರಣ, ನಕಾಶೆ, ಚಿತ್ರಗಳನ್ನು ಜರ್ಮನ್ ಆಡಳಿತ ಹಲವು ಗ್ರಂಥಾಲಯಗಳಿಂದ ಒಟ್ಟುಗೂಡಿಸಿ ಒಕೂಲ್ನಿಕ್ ಬೀದಿಯ ಒಂದೇ ಕಟ್ಟಡದಲ್ಲಿ ಇರಿಸಿತು. ಅದೂ ಕ್ರಾಸಿನ್‌ಸ್ಕಿ ಹೆಸರಿನದೇ, ಆದರೆ ಮೊದಲು ಹೇಳಿದ ಎರಡು ಅರಮನೆಗಳಲ್ಲಿ ಯಾವುದೂ ಅಲ್ಲ; ಪ್ರವಾಸಿಗರು ಇಲ್ಲೇ ಎಡವುವುದು. ಜರ್ಮನ್ನರ ವಿರುದ್ಧ ಎದ್ದ ವಾರ್ಸಾ ದಂಗೆಯವರು ಶರಣಾದ ಮೇಲೆ, 1944ರ ಅಕ್ಟೋಬರ್‌ನಲ್ಲಿ, ಬೆಂಕಿಯಿಡುವುದಕ್ಕೇ ನೇಮಿಸಿದ ಜರ್ಮನ್ ತುಕಡಿ ಅದನ್ನು ಸುಟ್ಟಿತು. ಎಲ್ಲವೂ ಒಂದೇ ಕಡೆ ಇದ್ದದ್ದರಿಂದ ಎಲ್ಲವೂ ಒಟ್ಟಿಗೇ ಹೋಯಿತು. ರಷ್ಯದಿಂದ ಮರಳಿ ಬಂದ ಜಾವುಸ್ಕಿ ಹಸ್ತಪ್ರತಿಗಳ ಬಹುಪಾಲು ಹೀಗೆ ನಾಶವಾಯಿತು.

ಇವತ್ತು ಕೋಣೆಗಳು ಮಬ್ಬಾಗಿವೆ ಎಂದು ಗೊಣಗುವವರಿದ್ದಾರೆ. ಹಳೆಯ ಶಾಯಿ, ಬಣ್ಣಗಳಿಗೆ ಸುಮಾರು 50 ಲಕ್ಸ್ ಬೆಳಕೇ ಮಿತಿ ಎಂಬುದು ಸಂರಕ್ಷಕರ ಲೆಕ್ಕ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ, ಕತ್ತಲಲ್ಲಿಟ್ಟರೂ ವಾಸಿಯಾಗದು. ತೇವ ಏರಿಳಿದರೆ ಚರ್ಮಪತ್ರ ಸುರುಟಿಕೊಳ್ಳುತ್ತದೆ, ಕಬ್ಬಿಣದಂಶದ ಶಾಯಿ ಕಾಗದವನ್ನು ಒಳಗಿಂದ ತಿನ್ನುತ್ತದೆ. ಹೀಗಾಗಿ ಮೂಲಪ್ರತಿಗಳನ್ನು ಆಗಾಗ ಬದಲಿಸುತ್ತಾರೆ. ಇಂಥದ್ದನ್ನೇ ನೋಡಬೇಕೆಂದಿದ್ದರೆ ಮೊದಲು ಗ್ರಂಥಾಲಯದ ಜಾಲತಾಣ ತೆರೆದು ನೋಡಿ, ಇಲ್ಲವೇ ‘ಪೊಲೊನಾ’ ಡಿಜಿಟಲ್ ಸಂಗ್ರಹದಲ್ಲಿ ಹುಡುಕಿ. ಕಣ್ಣು ಮಬ್ಬಿಗೆ ಹೊಂದಲು ಕೆಲವು ನಿಮಿಷ ಬೇಕು, ಒಳಗೆ ಹೋದ ತಕ್ಷಣ ಗಾಜಿಗೆ ಮೂಗು ತಾಗಿಸಿ ಪ್ರಯೋಜನವಿಲ್ಲ.

ಚಿತ್ರಿತ ಹಾಳೆಗಳ ಮುಂದೆಯೇ ಜನ ಮುತ್ತಿಕೊಳ್ಳುತ್ತಾರೆ. ಅವಕ್ಕಿಂತ ಮೊದಲು ನೋಡಬೇಕಾದದ್ದು ಒಂದು ಕುಡಿಕೆ. ಒಕೂಲ್ನಿಕ್‌ನಲ್ಲಿ ಸುಟ್ಟ ಪುಸ್ತಕಗಳ ಬೂದಿ ಅದರೊಳಗಿದೆ.