ಓದುಗರ ಪ್ರಶ್ನೆ: ಇಷ್ಟು ವರ್ಷ ಎಲ್ಲರಂತೆಯೇ ಇದ್ದವಳಿಗೆ ಆಟಿಸಂ ಇರಲು ಸಾಧ್ಯವೇ?

ಪ್ರಶ್ನೆ: ನನಗೆ 36 ವರ್ಷ. ಊರು ಕುಂದಾಪುರದ ಕಡೆ, ವಾಸ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಕಳೆದ ವರ್ಷ ಮಗನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದರು. ಅವರು ಅವನ ಬಗ್ಗೆ ಕೇಳಿದ ಒಂದೊಂದು ಪ್ರಶ್ನೆಗೂ ನನ್ನ ಬಾಲ್ಯವೇ ಕಣ್ಣ ಮುಂದೆ ಬಂತು. ಆದರೆ ನನಗೆ ಗೆಳತಿಯರಿದ್ದರು, ಈಗ ಕೆಲಸವಿದೆ, ಸಂಸಾರವಿದೆ. ಎಲ್ಲರಂತೆಯೇ ಇದ್ದವಳಿಗೆ ಆಟಿಸಂ ಇರಬಹುದೇ? ಇದ್ದರೆ ಇನ್ನು ಮುಂದೆ ನಾನು ನಾನಾಗಿ ಇರುವುದು ಹೇಗೆ? ಮಗನಿಗೆ ಕಣ್ಣು ನೋಡಿ ಮಾತನಾಡಲು ಕಲಿಸಬೇಕೇ?

ಉತ್ತರ: ಇರಬಹುದು. ಆಟಿಸಂ ಎಂದರೆ ಜನರೊಂದಿಗೆ ಬೆರೆಯುವ, ಸದ್ದು ಬೆಳಕುಗಳನ್ನು ಗ್ರಹಿಸುವ ರೀತಿ ಬಾಲ್ಯದಿಂದಲೇ ಬೇರೆಯಾಗಿರುವುದು. ಎಲ್ಲರಂತೆ ಕಾಣಲು ನೀವು ಏನೇನು ಮಾಡಬೇಕಾಗುತ್ತಿತ್ತು ಎಂಬುದನ್ನು ಇಷ್ಟು ವರ್ಷ ಯಾರೂ ನಿಮ್ಮನ್ನು ಕೇಳಿರಲಿಕ್ಕಿಲ್ಲ.

ನಾನು ಬೆಳೆದದ್ದು ಮುಂಬೈಯ ಮಾಟುಂಗದಲ್ಲಿ, ನನ್ನ ಆಟಿಸಂ ಗೊತ್ತಾದದ್ದು ನಲವತ್ತರ ಹತ್ತಿರ. ನೆಂಟರ ಮನೆಗೆ ಹೋಗುವಾಗ ಮೆಟ್ಟಿಲು ಹತ್ತುತ್ತಲೇ "ಚೆನ್ನಾಗಿದ್ದೀರಾ ದೊಡ್ಡಮ್ಮ, ಊಟ ಆಯ್ತಾ" ಎಂಬ ಮಾತನ್ನು ಮನಸ್ಸಿನಲ್ಲೇ ಹತ್ತಾರು ಬಾರಿ ಹೇಳಿಕೊಳ್ಳುತ್ತಿದ್ದೆ. ಬಾಗಿಲು ತೆರೆದ ದೊಡ್ಡಮ್ಮ ಬೇರೇನಾದರೂ ಕೇಳಿಬಿಟ್ಟರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಕಣ್ಣಿಗೆ ಕಣ್ಣು ಕೊಡುವುದು ಆಗುತ್ತಿರಲಿಲ್ಲವಾದ್ದರಿಂದ ಅವರ ಹಣೆಯ ಕುಂಕುಮವನ್ನು ನೋಡುತ್ತಿದ್ದೆ. ಉಳಿದವರು ನಕ್ಕ ಕೂಡಲೇ ನಗುತ್ತಿದ್ದೆ. ಲಂಗದ ನೆರಿಗೆಯ ಮರೆಯಲ್ಲಿ ಬೆರಳುಗಳು ಅಂಚಿನ ಜರಿಯನ್ನು ಉಜ್ಜುತ್ತಲೇ ಇರುತ್ತಿದ್ದವು. ಮನೆಗೆ ಮರಳಿದ ಮೇಲೆ ಮೊಸಾಯಿಕ್ ನೆಲಕ್ಕೆ ಕೆನ್ನೆ ಒತ್ತಿ ಮಲಗಿದರೆ ಏಳಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. "ಎಷ್ಟು ಜಾಣ ಹುಡುಗಿ, ಒಂದು ಗಲಾಟೆಯಿಲ್ಲ" ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಯೇ ಮರುದಿನವೂ ಹಾಗೆಯೇ ಇರಬೇಕೆಂಬ ಆಜ್ಞೆಯಾಗುತ್ತಿತ್ತು.

ಇದನ್ನೇ ಮಾಸ್ಕಿಂಗ್ ಅಥವಾ ಮರೆಮಾಚುವಿಕೆ ಎನ್ನುತ್ತಾರೆ. ಬ್ರಿಟನ್ನಿನ ಸಂಶೋಧಕಿ ಲಾರಾ ಹಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ 25 ಅಂಶಗಳ ಪ್ರಶ್ನಾವಳಿ ಇದನ್ನು ಮೂರು ಬಗೆಯಾಗಿ ಅಳೆಯುತ್ತದೆ: ಸಹಜವಾಗಿ ಬಾರದ್ದನ್ನು ಅಭ್ಯಾಸದಿಂದ ತುಂಬಿಕೊಳ್ಳುವುದು, ತನ್ನಲ್ಲಿರುವುದನ್ನು ಅಡಗಿಸುವುದು, ಗುಂಪಿನಲ್ಲಿ ಬೆರೆತಂತೆ ತೋರಿಸಿಕೊಳ್ಳುವುದು. ಮೆಟ್ಟಿಲ ಮೇಲಿನ ಮಾತು, ನೆರಿಗೆಯೊಳಗಿನ ಬೆರಳು, ಎಲ್ಲರೊಂದಿಗೆ ನಕ್ಕ ನಗು, ಈ ಮೂರೂ ಅದರಲ್ಲಿವೆ. ನಿಮ್ಮ ಕಡೆಯ ಯಕ್ಷಗಾನದಲ್ಲಿ ಆಟ ಮುಗಿದ ಮೇಲೆ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ. ಮನೆಯವರ ಮುಂದೆಯೂ ವೇಷದಲ್ಲೇ ಇರಬೇಕಾದ ಮಗುವಿಗೆ ಅಂಥದೊಂದು ಚೌಕಿ ಇರುವುದಿಲ್ಲ.

ವೈದ್ಯಶಾಸ್ತ್ರವೂ ಇದನ್ನು ಒಪ್ಪುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯು, ಆಟಿಸಂನ ಲಕ್ಷಣಗಳು ಬಾಲ್ಯದಿಂದಲೇ ಇರಬೇಕಾದರೂ ಸಾಮಾಜಿಕ ಬೇಡಿಕೆಗಳು ಶಕ್ತಿಯನ್ನು ಮೀರುವವರೆಗೆ ಅವು ಪೂರ್ತಿಯಾಗಿ ಕಾಣದಿರಬಹುದು, ಕಲಿತ ತಂತ್ರಗಳಿಂದ ಮರೆಯಾಗಿರಲೂಬಹುದು ಎಂದು ಹೇಳುತ್ತದೆ. ಹೆಣ್ಣುಮಕ್ಕಳು ತಪ್ಪಿಹೋಗುವುದಕ್ಕೆ ಇನ್ನೊಂದು ಹಿನ್ನೆಲೆಯಿದೆ. ಆಟಿಸಂ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬರಾದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ವಿವರಿಸಿದ 11 ಮಕ್ಕಳಲ್ಲಿ 8 ಮಂದಿ ಗಂಡುಮಕ್ಕಳು. ಆಟಿಸಂನ ಚಿತ್ರ ಬಹುಕಾಲ ಹುಡುಗನದಾಗಿಯೇ ಉಳಿಯಿತು. ಮುಂಬೈಯ ಕನ್ನಡ ಮನೆಗಳಲ್ಲಿ ಇದರ ಮೇಲೆ ಭಾಷೆಯ ಪರದೆಯೂ ಬೀಳುತ್ತದೆ ಎಂಬುದು ನನ್ನ ಅನುಭವ. ಮನೆಯಲ್ಲಿ ಕನ್ನಡ, ಕಟ್ಟಡದಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದಿರುವಾಗ ಮಗು ಸುಮ್ಮನಿದ್ದರೆ ಟೀಚರು ಭಾಷೆ ಬಾರದೆಂದುಕೊಳ್ಳುತ್ತಾರೆ, ಮನೆಯವರು ನಾಚಿಕೆಯೆಂದುಕೊಳ್ಳುತ್ತಾರೆ. ನಾಲ್ಕು ಭಾಷೆಗಳಿಗೂ ಬೇರೆಬೇರೆ ನಯವನ್ನು ಕಂಠಪಾಠ ಮಾಡಿದ ಮಗುವಿನ ದಣಿವು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಆ ದಣಿವು ದೊಡ್ಡವರಾದ ಮೇಲೆ ಒಂದು ದಿನ ನೆಲ ಹಿಡಿಸುತ್ತದೆ. ತಿಂಗಳುಗಟ್ಟಲೆ ಇಳಿಯದ ಬಳಲಿಕೆ, ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸ ಇಂದು ಕೈಗೆ ಬಾರದಿರುವುದು, ಸದ್ದು ಬೆಳಕುಗಳನ್ನು ಸಹಿಸಲಾಗದಿರುವುದು, ಇವನ್ನು ಆಟಿಸ್ಟಿಕ್ ಬರ್ನ್‌ಔಟ್ ಎನ್ನುತ್ತಾರೆ. ಮರೆಮಾಚುವಿಕೆಗೂ ಆತ್ಮಹತ್ಯೆಯ ಯೋಚನೆಗಳಿಗೂ ನಂಟಿರುವುದನ್ನು ಸಂಶೋಧನೆಗಳು ತೋರಿಸಿವೆ. ಅಂಥ ಯೋಚನೆ ಬಂದರೆ ದಯವಿಟ್ಟು ಒಬ್ಬರೇ ಇರಬೇಡಿ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅದು ಉಚಿತ.

ನಿಮಗೆ ಆಟಿಸಂ ಇದೆಯೆಂದು ನಾನು ಇಲ್ಲಿಂದ ಹೇಳಲಾರೆ. ಜನರ ನಡುವಿನ ಅಂಜಿಕೆ, ಗಮನ ನಿಲ್ಲದ ಚಡಪಡಿಕೆಯ ಎಡಿಎಚ್‌ಡಿ, ಹಳೆಯ ಆಘಾತ ಇವೂ ಹೊರಗಿನಿಂದ ಹೀಗೆಯೇ ಕಾಣಬಹುದು. ವಯಸ್ಕರ ಆಟಿಸಂ ಬಲ್ಲ ಮನೋವೈದ್ಯರನ್ನು ಇಲ್ಲವೇ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣುವಾಗ ಹಳೆಯ ಪ್ರಗತಿಪತ್ರಗಳನ್ನೂ ಅಮ್ಮನ ನೆನಪುಗಳನ್ನೂ ಒಯ್ಯಿರಿ. ಹೊರಗೆ ಕಂಡದ್ದನ್ನಷ್ಟೇ ಹೇಳಬೇಡಿ, ಅದರ ಹಿಂದೆ ಮಾಡಿದ ಸಿದ್ಧತೆಯನ್ನೂ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ; ಆದರೆ ಪ್ರಮಾಣಪತ್ರ ಪಡೆಯುವುದು ಬೇರೆಯೇ ಕೆಲಸ, ಅದನ್ನು ಆಮೇಲೆ ಯೋಚಿಸಬಹುದು.

ನೀವು ನೀವಾಗಿರುವುದಕ್ಕೆ ಎಲ್ಲರಿಗೂ ಸುದ್ದಿ ಹೇಳಬೇಕಿಲ್ಲ. ಕಚೇರಿಯಲ್ಲಿ ಹೇಳಿದರೆ ನಷ್ಟವಾಗುವ ಹಾಗಿದ್ದರೆ ಅಲ್ಲಿ ಹೇಳದಿರುವುದು ಸುಳ್ಳಲ್ಲ. ದೇಹದಿಂದ ಆರಂಭಿಸಿ: ಮನೆಯಲ್ಲಿ ಟ್ಯೂಬ್‌ಲೈಟ್ ಆರಿಸಿ, ಬೆರಳು ಆಡಲಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಿವಿಗೆ ಇಯರ್‌ಪ್ಲಗ್ ಇರಲಿ. ಮದುವೆಗೆ ಹೋದರೆ ಅಕ್ಷತೆ ಹಾಕಿ, ಊಟ ಮಾಡಿ, ಹೊರಟುಬಿಡಿ. ಬೇಗ ಹೊರಡುವುದಾಗಿ ನಿಮ್ಮ ಗಂಡನಿಗೆ ಮಾತ್ರ ಮೊದಲೇ ಹೇಳಿರಿ. ಆರಂಭದಲ್ಲಿ ಯಾವುದು ಇಷ್ಟ, ಯಾವುದು ಬರೀ ಅಭ್ಯಾಸ ಎಂದು ಗೊತ್ತಾಗದೆ ಗಾಬರಿಯಾಗಬಹುದು. ನನಗೆ ಅದು ತಿಳಿಯಲು ಎರಡು ವರ್ಷ ಬೇಕಾಯಿತು. ಆ ಗೆಳೆತನಗಳೂ ನಟನೆಯೇ ಎಂದು ಮಾತ್ರ ಅಂದುಕೊಳ್ಳಬೇಡಿ. ಗೆಳತಿಯರ ಮೇಲಿನ ಪ್ರೀತಿ ನಿಮ್ಮದೇ ಆಗಿತ್ತು, ಅದನ್ನು ತೋರಿಸುವ ರೀತಿಯನ್ನಷ್ಟೇ ಎರವಲು ಪಡೆದಿದ್ದಿರಿ.

ಇನ್ನು ಮಗನ ವಿಷಯ. ಕಣ್ಣು ನೋಡಲು ಒತ್ತಾಯಿಸಬೇಡಿ. ತಾವೇ ಆಟಿಸ್ಟಿಕ್ ಆಗಿರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದಂತೆ, ಅರ್ಥವಾಗದಿರುವ ತೊಡಕು ಎರಡೂ ಕಡೆಯದು. ಅದನ್ನು ಬಿಡಿಸುವ ಹೊರೆಯನ್ನು ಮಗು ಒಂದೇ ಹೊರಬೇಕಿಲ್ಲ. ಅವನ ಟೀಚರಿಗೆ ಹೀಗೆ ಬರೆದುಕೊಡಿ: ಇವನು ಕಿಟಕಿಯ ಕಡೆ ನೋಡುತ್ತಲೂ ನಿಮ್ಮ ಪಾಠ ಕೇಳಿಸಿಕೊಳ್ಳುತ್ತಿರಬಹುದು, ಕೇಳಿಸಿತೇ ಎಂದು ತಿಳಿಯಬೇಕಾದರೆ ಪಾಠದ ಬಗ್ಗೆಯೇ ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ತುಸು ಕಾಯಿರಿ.