‘ಸಿವಿಯರ್ಲಿ’ಯನ್ನು ಎಲ್ಲಿ ಕೂರಿಸಬೇಕು?

ಓದುಗರ ಪ್ರಶ್ನೆ: ಸರ್, ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಹಳ್ಳಿ. ಈ ಮಳೆಗಾಲ ಕೊಳೆರೋಗಕ್ಕೆ ಅಡಿಕೆಯ ಅರ್ಧ ಫಸಲು ಉದುರಿಹೋಯಿತು. ಸಾಲದ ಕಂತಿಗೆ ಸ್ವಲ್ಪ ಕಾಲಾವಕಾಶ ಕೇಳೋಣವೆಂದರೆ ಹೊಸ ಬ್ಯಾಂಕ್ ಮ್ಯಾನೇಜರ್‌ಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿನಲ್ಲಿ ಪತ್ರ ಬರೆಯುವ ಕೆಲಸ ಅಪ್ಪಯ್ಯ ನನ್ನ ತಲೆಗೆ ಕಟ್ಟಿದ್ದಾರೆ. ‘ದಿ ಕ್ರಾಪ್ ಹ್ಯಾಸ್ ಬೀನ್ ಸಿವಿಯರ್ಲಿ ಡ್ಯಾಮೇಜ್ಡ್’, ‘ಹ್ಯಾಸ್ ಸಿವಿಯರ್ಲಿ ಬೀನ್ ಡ್ಯಾಮೇಜ್ಡ್’, ‘ಹ್ಯಾಸ್ ಬೀನ್ ಡ್ಯಾಮೇಜ್ಡ್ ಸಿವಿಯರ್ಲಿ’, ಈ ಮೂರರಲ್ಲಿ ಯಾವುದು ಸರಿ? ನಡುವೆ ಹೈಫನ್ ಬೇಕೇ?

ಉತ್ತರ: ಮೊದಲನೆಯದನ್ನೇ ಬರೆದು ಕಳಿಸಿ. ಎರಡನೆಯದು ಬೇಡ. ಮೂರನೆಯದು ತಪ್ಪಲ್ಲ, ಆದರೆ ನಿಮ್ಮ ಪತ್ರಕ್ಕೆ ಅದು ಒಗ್ಗುವುದಿಲ್ಲ. ಹೈಫನ್ ಬೇಡ, ಅದರ ವಿಷಯ ಕೊನೆಗೆ ಹೇಳುತ್ತೇನೆ. ಪತ್ರದ ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಕಾರಣ ಬೇಕೆನ್ನುವವರು ಮುಂದೆ ಓದಿ. ಉದಾಹರಣೆಗಳನ್ನು ಬಾಯಿಬಿಟ್ಟು ಓದಿಕೊಳ್ಳಿ, ಈ ವಿಷಯದಲ್ಲಿ ಕಣ್ಣಿಗಿಂತ ಕಿವಿ ಚುರುಕು.

ನಿಮ್ಮ ವಾಕ್ಯ ಇರುವುದು ಕರ್ಮಣಿ ಪ್ರಯೋಗದಲ್ಲಿ, ಅಂದರೆ ಪ್ಯಾಸಿವ್ ವಾಯ್ಸ್‌ನಲ್ಲಿ. ಅದರಲ್ಲಿ ಕೊನೆಗೆ ಬರುವುದು ಕ್ರಿಯಾಪದದ ಮೂರನೇ ರೂಪ, ಶಾಲೆಯಲ್ಲಿ ‘ವಿ ತ್ರೀ’ ಅಂತ ಉರು ಹೊಡೆಸಿದ್ದು. ಅದರ ಹಿಂದೆ ಈಸ್, ವಾಸ್, ಹ್ಯಾಸ್ ಬೀನ್, ವಿಲ್ ಬಿ ಮುಂತಾದ ಸಹಾಯಕ ಕ್ರಿಯಾಪದಗಳು. ಕ್ರಿಯಾವಿಶೇಷಣಕ್ಕೆ, ಅಂದರೆ ‘ಸಿವಿಯರ್ಲಿ’ಯಂಥ ಆ್ಯಡ್ವರ್ಬ್‌ಗೆ, ಇಲ್ಲಿ ಮುಖ್ಯವಾಗಿ ಎರಡು ಜಾಗ. ಕೆಲಸ ಹೇಗೆ ಆಯಿತು, ಎಷ್ಟರ ಮಟ್ಟಿಗೆ ಆಯಿತು ಎಂದು ಹೇಳುವ ಪದ ‘ವಿ ತ್ರೀ’ಗೆ ಅಂಟಿಕೊಂಡು ಅದರ ಮುಂಚೆ ಬರುತ್ತದೆ. ಎಷ್ಟು ಸಲ ಆಯಿತು, ಆಗುವ ಸಂಭವ ಎಷ್ಟು ಎಂದು ಹೇಳುವ ಪದ ಮೊದಲ ಸಹಾಯಕ ಕ್ರಿಯಾಪದ ಮುಗಿದ ಕೂಡಲೇ ಬರುತ್ತದೆ.

ಇದು ಅಷ್ಟು ಸುಲಭವಾದರೆ ಗೊಂದಲ ಏಕೆ? ಸಹಾಯಕ ಕ್ರಿಯಾಪದ ಒಂದೇ ಇದ್ದಾಗ ಈ ಎರಡೂ ಜಾಗ ಒಂದೇ ಆಗಿಬಿಡುತ್ತವೆ. ‘ಆಗುಂಬೆ ಈಸ್ ಆಫ್ಟನ್ ಕಾಲ್ಡ್ ದಿ ಚೆರಾಪುಂಜಿ ಆಫ್ ದಿ ಸೌತ್.’ ‘ದಿ ಘಾಟ್ ರೋಡ್ ವಾಸ್ ಬ್ಯಾಡ್ಲಿ ಡ್ಯಾಮೇಜ್ಡ್.’ ನೋಡಲು ಎರಡೂ ಒಂದೇ ಥರ. ಪಾಠದ ಉದಾಹರಣೆಗಳೆಲ್ಲ ಹೀಗೆ ಚಿಕ್ಕ ವಾಕ್ಯಗಳೇ ಆದ್ದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ‘ಹ್ಯಾಸ್’ ಸೇರಿಸಿ ನೋಡಿ: ‘ಆಗುಂಬೆ ಹ್ಯಾಸ್ ಆಫ್ಟನ್ ಬೀನ್ ಕಾಲ್ಡ್’, ಆದರೆ ‘ದಿ ರೋಡ್ ಹ್ಯಾಸ್ ಬೀನ್ ಬ್ಯಾಡ್ಲಿ ಡ್ಯಾಮೇಜ್ಡ್’. ‘ಆಫ್ಟನ್’ ಹಿಂದೆಯೇ ಉಳಿಯಿತು, ‘ಬ್ಯಾಡ್ಲಿ’ ಮುಂದಕ್ಕೆ ಹೋಯಿತು. ನಿಮ್ಮ ‘ಸಿವಿಯರ್ಲಿ’ ಎಷ್ಟರ ಮಟ್ಟಿಗೆ ಎಂದು ಹೇಳುವ ಪದ, ಹಾಗಾಗಿ ಅದು ‘ಬ್ಯಾಡ್ಲಿ’ಯ ಗುಂಪಿಗೆ ಸೇರುತ್ತದೆ.

ಎರಡೂ ಥರದ ಪದ ಒಂದೇ ವಾಕ್ಯದಲ್ಲಿ ಬಂದರೆ ಇನ್ನೂ ಚೆಂದ. ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕುಪ್ಪಳಿಯಾದ್ದರಿಂದ ಹುಟ್ಟಿದ್ದೂ ಅಲ್ಲೇ ಅಂತ ಬರೆಯುವವರಿದ್ದಾರೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ, ‘ಹಿಸ್ ಬರ್ತ್‌ಪ್ಲೇಸ್ ಹ್ಯಾಸ್ ಆಫ್ಟನ್ ಬೀನ್ ರಾಂಗ್ಲಿ ಗಿವನ್ ಆ್ಯಸ್ ಕುಪ್ಪಳಿ.’ ‘ಆಫ್ಟನ್’ ಮತ್ತು ‘ರಾಂಗ್ಲಿ’ಯನ್ನು ಅದಲುಬದಲು ಮಾಡಿ ಓದಿ, ನಾಲಿಗೆಯೇ ತಡವರಿಸುತ್ತದೆ.

‘ಪ್ರಾಬಬ್ಲಿ’, ‘ನೆವರ್’, ‘ಆಲ್ವೇಸ್’, ‘ಆಲ್ರೆಡಿ’ ಎಲ್ಲವೂ ‘ಆಫ್ಟನ್’ ಕಡೆಯವು. ಕೆಲವು ಪದಗಳು ಎರಡೂ ಕಡೆ ಸಲ್ಲುತ್ತವೆ. ನಮ್ಮ ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಬದಲಾಯಿತಲ್ಲ, ಅದನ್ನು ‘ಶಿಮೊಗಾ ಹ್ಯಾಸ್ ಬೀನ್ ಅಫಿಶಿಯಲಿ ರೀನೇಮ್ಡ್’ ಅಂದರೂ ನಡೆಯುತ್ತದೆ, ‘ಹ್ಯಾಸ್ ಅಫಿಶಿಯಲಿ ಬೀನ್’ ಅಂದರೂ ನಡೆಯುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ನಿಮ್ಮ ಮೂರನೇ ವಾಕ್ಯ. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ಬಿದ್ದ ಪದಕ್ಕೆ ತೂಕ ಜಾಸ್ತಿ. ಹಾನಿಯಾದದ್ದು ಇಬ್ಬರಿಗೂ ಗೊತ್ತಿದ್ದು, ಎಷ್ಟು ಎಂಬುದೊಂದೇ ಹೊಸ ಸುದ್ದಿಯಾದರೆ ‘ಡ್ಯಾಮೇಜ್ಡ್ ಸಿವಿಯರ್ಲಿ’ ಅನ್ನಬಹುದು. ಮ್ಯಾನೇಜರ್‌ಗೆ ಹಾನಿಯ ಸಂಗತಿಯೇ ಹೊಸದು. ಮೇಲಾಗಿ ನೀವು ‘ಬೈ ಫ್ರೂಟ್ ರಾಟ್ ಇನ್ ಜುಲೈ’ ಅಂತ ಸೇರಿಸಿಯೇ ಸೇರಿಸುತ್ತೀರಿ. ಅದೆಲ್ಲ ಆದ ಮೇಲೆ ‘ಸಿವಿಯರ್ಲಿ’ ಬಂದರೆ ಅದು ಯಾರಿಗೂ ಬೇಡವಾಗಿ ಬಾಗಿಲಲ್ಲಿ ನಿಂತ ನೆಂಟನ ಥರ ಕಾಣುತ್ತದೆ. ‘ಫಾಸ್ಟ್’ ಎಂಬ ಪದಕ್ಕೆ ಮಾತ್ರ ಕೊನೆಯೇ ಗತಿ: ‘ದಿ ವರ್ಕ್ ವಾಸ್ ಡನ್ ಫಾಸ್ಟ್’ ಸರಿ, ‘ವಾಸ್ ಫಾಸ್ಟ್ ಡನ್’ ಅಲ್ಲ.

‘ವೆಲ್’ ಮತ್ತು ‘ಬ್ಯಾಡ್ಲಿ’ಯದ್ದು ಬೇರೆಯೇ ಕಥೆ. ಕರ್ತರಿಯಲ್ಲಿ (ಆ್ಯಕ್ಟಿವ್ ವಾಯ್ಸ್) ‘ಶಿ ರೋಟ್ ಇಟ್ ವೆಲ್’ ಅನ್ನಬೇಕು, ‘ಶಿ ವೆಲ್ ರೋಟ್ ಇಟ್’ ಅನ್ನುವ ಹಾಗಿಲ್ಲ. ಕರ್ಮಣಿಗೆ ತಿರುಗಿಸಿದರೆ ಅದೇ ‘ವೆಲ್’ ಮುಂಚೆ ಬಂದು ‘ಇಟ್ ಈಸ್ ವೆಲ್ ರಿಟನ್’ ಆಗುತ್ತದೆ. ವಾಯ್ಸ್ ಬದಲಿಸುವ ಲೆಕ್ಕಗಳಲ್ಲಿ ಮಕ್ಕಳು ಕರ್ತರಿ ವಾಕ್ಯದ ಬಾಲವನ್ನು ಹಾಗೇ ಕತ್ತರಿಸಿ ತಂದು ‘ಇಟ್ ವಾಸ್ ರಿಟನ್ ಬೈ ಹರ್ ವೆಲ್’ ಅಂತ ಅಂಟಿಸುವುದು ಇದು ಗೊತ್ತಿಲ್ಲದೆ.

ನಿಮ್ಮ ಪತ್ರದಲ್ಲಿ ನನಗೆ ನಿಜವಾದ ಭಯ ಇರುವುದು ‘ನಾಟ್’ ಬಗ್ಗೆ. ಔಷಧಿ ಹೊಡೆದ ವಿಷಯ ಬರೆಯದೆ ಇರುತ್ತೀರಾ? ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯುವುದು ವಾಡಿಕೆ. ಎರಡನೇ ಸಲದ ಹೊತ್ತಿಗೆ ಮಳೆ ಬಿಡುವುದಿಲ್ಲ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರೂ ಸಿಗುವುದಿಲ್ಲ. ‘ಸರಿಯಾಗಿ ಹೊಡೆಯಲಾಗಲಿಲ್ಲ’ ಎಂಬುದು ನಿಮ್ಮ ಮನಸ್ಸಿನಲ್ಲಿ ಇರುತ್ತದೆ. ನಮ್ಮ ‘ಇಲ್ಲ’ ಬರುವುದು ಮಾತಿನ ತುದಿಯಲ್ಲಿ, ‘ಸರಿಯಾಗಿ’ ಅದಕ್ಕಿಂತ ಎಷ್ಟೋ ಮೊದಲು ಬಂದಿರುತ್ತದೆ. ಅದೇ ಸಾಲಿನಲ್ಲಿ ಇಂಗ್ಲಿಷ್ ಪದ ಜೋಡಿಸಿದಾಗ ‘ಪ್ರಾಪರ್ಲಿ ನಾಟ್ ಸ್ಪ್ರೇಡ್’ ಆಗುತ್ತದೆ. ಕಚೇರಿಗಳಲ್ಲಿ, ಹೋಟೆಲಿನ ದೂರು ಪುಸ್ತಕದಲ್ಲಿ ಎಲ್ಲ ಕಡೆ ಕಾಣುವ ತಪ್ಪು ಇದು. ಇಂಗ್ಲಿಷಿನಲ್ಲಿ ‘ನಾಟ್’ ಮೊದಲು: ‘ದಿ ಸೆಕೆಂಡ್ ಸ್ಪ್ರೇ ಕುಡ್ ನಾಟ್ ಬಿ ಪ್ರಾಪರ್ಲಿ ಡನ್.’ ಇಲ್ಲಿ ‘ಪ್ರಾಪರ್ಲಿ’ ಬಿಟ್ಟರೆ ಔಷಧಿಯನ್ನೇ ಹೊಡೆಯಲಿಲ್ಲ ಎಂದಾಗುತ್ತದೆ, ಜೋಪಾನ.

‘ನಾಟ್’ಗಿಂತ ಮುಂಚೆ ಬರಬಲ್ಲ ಪದಗಳೂ ಇವೆ. ‘ದಿ ಬಿಲ್ ಹ್ಯಾಸ್ ಸ್ಟಿಲ್ ನಾಟ್ ಬೀನ್ ಪೇಯ್ಡ್’ ಸರಿಯಾದ ವಾಕ್ಯ. ‘ಡೆಲಿಬರೇಟ್ಲಿ’ ಅಂತೂ ಜಾಗ ಬದಲಿಸಿದರೆ ಕೇಸೇ ಬದಲಾಗುತ್ತದೆ. ‘ದಿ ಗೇಟ್ ವಾಸ್ ನಾಟ್ ಡೆಲಿಬರೇಟ್ಲಿ ಲಾಕ್ಡ್’ ಎಂದರೆ ಬೀಗ ಬಿದ್ದಿತ್ತು, ಆದರೆ ಬೇಕೆಂದು ಹಾಕಿದ್ದಲ್ಲ. ‘ವಾಸ್ ಡೆಲಿಬರೇಟ್ಲಿ ನಾಟ್ ಲಾಕ್ಡ್’ ಎಂದರೆ ಬೇಕೆಂದೇ ಬೀಗ ಹಾಕದೆ ಬಿಟ್ಟರು.

ಜಾಗ ಸರಿಯಿದ್ದೂ ಅರ್ಥ ಜಾರುವ ಒಂದು ಸಂದರ್ಭ ಹೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಆ ಬಗ್ಗೆ ಯಾರೋ ‘ದಿ ಫ್ಯಾಮಿಲೀಸ್ ವರ್ ರಿಲಕ್ಟೆಂಟ್ಲಿ ಶಿಫ್ಟೆಡ್ ಬೈ ದಿ ಆಫೀಸರ್ಸ್’ ಎಂದು ಬರೆದರು ಅಂದುಕೊಳ್ಳಿ. ಒಲ್ಲದ ಮನಸ್ಸು ಯಾರದ್ದು? ಮನೆ ಬಿಟ್ಟು ಹೊರಟವರದ್ದೋ, ಹೊರಡಿಸಿದ ಅಧಿಕಾರಿಗಳದ್ದೋ? ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಕರ್ಮಣಿಯಲ್ಲಿ ಕರ್ತೃ ಹಿಂದೆ ಸರಿದು, ಅನುಭವಿಸಿದವರು ಮುಂದೆ ಬಂದು ನಿಲ್ಲುವುದರಿಂದ ಮನಸ್ಸನ್ನು ಹೇಳುವ ಪದ ಇಬ್ಬರ ಕಡೆಗೂ ವಾಲುತ್ತದೆ. ‘ವಿಲ್ಲಿಂಗ್ಲಿ’ಯದ್ದೂ ಇದೇ ಪಾಡು. ‘ಫೋರ್ಸಿಬ್ಲಿ’ಗೆ ಈ ಕಾಟ ಇಲ್ಲ, ಬಲವಂತ ಮಾಡುವುದು ಮಾಡಿದವನೇ. ಇಂಥಲ್ಲಿ ‘ರಿಲಕ್ಟೆಂಟ್ಲಿ’ಯನ್ನು ಅತ್ತಿತ್ತ ಸರಿಸಿ ಉಪಯೋಗವಿಲ್ಲ. ಕರ್ತರಿಗೆ ಬಂದು ‘ದಿ ಫ್ಯಾಮಿಲೀಸ್ ಲೆಫ್ಟ್ ರಿಲಕ್ಟೆಂಟ್ಲಿ’ ಎಂದುಬಿಡಿ. ಜನರ ದುಃಖವನ್ನು ಕಚೇರಿಯ ದುಃಖ ಮಾಡುವ ವಾಕ್ಯಕ್ಕಿಂತ ಇದು ಎಷ್ಟೋ ಮೇಲು.

ಕಾಲ ಮತ್ತು ಸ್ಥಳ ಹೇಳುವ ಪದಗಳು ಕೊನೆಗೋ ತೀರಾ ಮೊದಲಿಗೋ ಹೋಗುತ್ತವೆ, ನಡುವೆ ಬೇಡ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರ ಸೋಮವಾರ. ‘ದಿ ಏರ್‌ಪೋರ್ಟ್ ವಾಸ್ ಇನಾಗುರೇಟೆಡ್ ಆನ್ ಮಂಡೇ’ ಅನ್ನಿ. ‘ವಾಸ್ ಆನ್ ಮಂಡೇ ಇನಾಗುರೇಟೆಡ್’ ಎಂಬುದು ನಮ್ಮ ಇಂಗ್ಲಿಷ್ ಪೇಪರುಗಳ ಚಟ, ಪತ್ರಕ್ಕೆ ತರಬೇಡಿ.

ಹೈಫನ್: ‘ಲಿ’ ಎಂದು ಮುಗಿಯುವ ಕ್ರಿಯಾವಿಶೇಷಣದ ಮುಂದೆ ಹೈಫನ್ ಹಾಕುವುದಿಲ್ಲ, ‘ಎ ಸಿವಿಯರ್ಲಿ ಡ್ಯಾಮೇಜ್ಡ್ ಕ್ರಾಪ್’ ಎಂದು ನಾಮಪದದ ಮುಂಚೆ ಬಂದರೂ ಇಲ್ಲ. ‘ವೆಲ್’ಗೆ ಮಾತ್ರ ನಾಮಪದದ ಮುಂಚೆ ಬಂದಾಗ ಹಾಕುತ್ತಾರೆ: ‘ಎ ವೆಲ್-ನೋನ್ ಡಾಕ್ಟರ್’, ಆದರೆ ‘ದಿ ಡಾಕ್ಟರ್ ಈಸ್ ವೆಲ್ ನೋನ್’. ಪತ್ರದ ಜೊತೆ ಉದುರಿದ ಕಾಯಿಯ ಫೋಟೊ ಲಗತ್ತಿಸುವುದಾದರೆ ‘ಫೋಟೋಸ್ ಆರ್ ಆಲ್ಸೋ ಅಟ್ಯಾಚ್ಡ್’ ಎಂದು ಬರೆಯಿರಿ, ‘ಆಲ್ಸೋ ಆರ್’ ಎಂದಲ್ಲ.