ಕಸ್ಟೆಲೊರಿಜೊ ಖಾಲಿಯಾಗಿದ್ದು ಬಾಂಬಿನಿಂದ ಅಲ್ಲ

ಓದುಗರ ಪ್ರಶ್ನೆ: ಗ್ರೀಸ್‌ನ ಪುಟ್ಟ ದ್ವೀಪ ಕಸ್ಟೆಲೊರಿಜೊದಲ್ಲಿ ಒಂದು ಕಾಲಕ್ಕೆ ಹತ್ತು ಸಾವಿರ ಜನ ಇದ್ದರಂತೆ. ಈಗ ಐನೂರರ ಆಸುಪಾಸು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಊರು ಖಾಲಿಯಾಯಿತು ಅನ್ನೋದು ನಿಜವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಬಂದರಿನ ಹಿಂದಿನ ಪಾಳುಮನೆಗಳ ಫೋಟೊ ನೋಡಿದವರೆಲ್ಲ ಯುದ್ಧವನ್ನೇ ಬೈಯುತ್ತಾರೆ. ಒಮ್ಮೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಒಂಬತ್ತು ಹತ್ತು ಸಾವಿರ ಜನ ಇದ್ದರು. 1920ರ ದಶಕದ ಆರಂಭಕ್ಕೆ ಮೂರು ಸಾವಿರವೂ ಉಳಿದಿರಲಿಲ್ಲ. ಆ ಯುದ್ಧ ಶುರುವಾಗಿದ್ದೇ 1939ರಲ್ಲಿ. ಇನ್ನೂ ಬೀಳದ ಬಾಂಬ್ ಜನರನ್ನು ಹೇಗೆ ಓಡಿಸುತ್ತದೆ?

ನಿಜವಾದ ಕಾರಣ ಹೊಟ್ಟೆಪಾಡು. ದ್ವೀಪದ ವಿಸ್ತೀರ್ಣ ಸುಮಾರು 9 ಚದರ ಕಿಲೋಮೀಟರ್. ಬರೀ ಬಂಡೆ, ನದಿ ಇಲ್ಲ. ಹತ್ತು ಸಾವಿರ ಜನರನ್ನು ಸಾಕಿದ್ದು ಹಾಯಿ ಹಡಗುಗಳು. ಟರ್ಕಿಯ ತೀರ ಇಲ್ಲಿಂದ ಎರಡು ಕಿಲೋಮೀಟರ್ ಆಚೆ ಅಷ್ಟೇ. ಅಲ್ಲಿಂದ ಮರ, ಇದ್ದಿಲು ತುಂಬಿಕೊಂಡು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಒಯ್ದು ಮಾರುತ್ತಿದ್ದರು. ಸ್ಪಂಜು ತೆಗೆಯಲು ಸಮುದ್ರಕ್ಕೆ ಧುಮುಕುತ್ತಿದ್ದರು. 1835ರ ದೊಡ್ಡ ಚರ್ಚಿಗೆ ಎದುರು ತೀರದ ಪತಾರಾದಿಂದ ಪುರಾತನ ಕಲ್ಲುಕಂಬಗಳನ್ನೇ ತರಿಸಿದ್ದರು ಅಂದರೆ ಊರಿನ ಸಿರಿವಂತಿಕೆ ಊಹಿಸಿಕೊಳ್ಳಿ.

ಆಮೇಲೆ ಹಬೆ ಹಡಗು ಬಂತು, ಹಾಯಿ ಹಡಗಿಗೆ ಸರಕು ಸಿಗಲಿಲ್ಲ. ದ್ವೀಪ ಆಗ ಟರ್ಕಿಯ ಒಟ್ಟೊಮನ್ ಸಾಮ್ರಾಜ್ಯದ ಕೈಯಲ್ಲಿತ್ತು. 1908ರ ನಂತರ ಒಟ್ಟೊಮನ್ ಸರ್ಕಾರ ಹಳೇ ರಿಯಾಯಿತಿಗಳನ್ನು ಕಿತ್ತುಕೊಂಡು, ಹುಡುಗರನ್ನು ಸೈನ್ಯಕ್ಕೆ ಕರೆಯಿತು. 1913ರಲ್ಲಿ ಊರಿನವರು ಒಟ್ಟೊಮನ್ ಅಧಿಕಾರಿಗಳನ್ನು ಹೊರಹಾಕಿದರು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಫ್ರೆಂಚ್ ಸೈನ್ಯ ಬಂತು. ಎದುರು ತೀರದಿಂದ ಟರ್ಕಿಯ ಫಿರಂಗಿಗಳು ಗುಂಡು ಹಾರಿಸಿದವು. 1917ರಲ್ಲಿ ಒಂದು ಬ್ರಿಟಿಷ್ ಯುದ್ಧನೌಕೆ ಬಂದರಿನಲ್ಲೇ ಮುಳುಗಿತು. 1921ರಲ್ಲಿ ದ್ವೀಪ ಇಟಲಿಯ ಕೈ ಸೇರಿತು. 1923ರ ಒಪ್ಪಂದದಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡವು. ಎದುರು ತೀರದ ಗ್ರೀಕರೆಲ್ಲ ಹೊರಟುಹೋದರು. ವ್ಯಾಪಾರದ ಬೇರೇ ಕಿತ್ತುಹೋಯಿತು. ಇಷ್ಟೆಲ್ಲ ಆಗುವಷ್ಟರಲ್ಲಿ ಮುಕ್ಕಾಲು ಊರು ಗಂಟುಮೂಟೆ ಕಟ್ಟಿತ್ತು.

ಹಾಗಾದರೆ ಎರಡನೇ ಮಹಾಯುದ್ಧ ಏನೂ ಮಾಡಲಿಲ್ಲವೇ? ಮಾಡಿತು, ಘೋರವಾಗಿಯೇ. 1943ರಲ್ಲಿ ಜರ್ಮನ್ ವಿಮಾನಗಳು ಬಾಂಬ್ ಹಾಕಿದಾಗ, ಉಳಿದಿದ್ದವರನ್ನು ಬ್ರಿಟಿಷರು ಸೈಪ್ರಸ್ ಮೂಲಕ ಗಾಜಾದ ಶಿಬಿರಕ್ಕೆ ಸಾಗಿಸಿದರು. 1944ರಲ್ಲಿ ಇಂಧನ ದಾಸ್ತಾನಿಗೆ ಬೆಂಕಿ ಬಿದ್ದು ಸಾಲುಸಾಲು ಮನೆಗಳು ಸುಟ್ಟವು. 1945ರಲ್ಲಿ ಊರಿಗೆ ಮರಳುತ್ತಿದ್ದವರ ಹಡಗಿಗೂ ಬೆಂಕಿ ಹತ್ತಿ 33 ಜನ ಸತ್ತರು. ಗೋಡೆಗಳು ಬಿದ್ದಿದ್ದಕ್ಕೆ ಯುದ್ಧವೇ ಮುಖ್ಯ ಕಾರಣ, ಒಪ್ಪುತ್ತೇನೆ. ಆದರೆ ಜನ ಖಾಲಿಯಾಗಿದ್ದು ಬೇರೆ ಕಥೆ, ಅದು ಮೊದಲೇ ನಡೆದಿತ್ತು. ಎರಡನ್ನೂ ಬೆರೆಸಿದರೆ, ಒಟ್ಟೊಮನ್ ಕಾಲದಲ್ಲಿ ಕೆಲಸ ಕಳೆದುಕೊಂಡು ಹೊರಟ ಸಾವಿರಾರು ಜನ ಲೆಕ್ಕದಿಂದಲೇ ಮಾಯವಾಗುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

1948ರಲ್ಲಿ ದ್ವೀಪ ಗ್ರೀಸ್‌ಗೆ ಸೇರಿದ ಮೇಲೂ ವಲಸೆ ನಿಲ್ಲಲಿಲ್ಲ. 1981ರ ಹೊತ್ತಿಗೆ ಜನಸಂಖ್ಯೆ 200ರ ಹತ್ತಿರಕ್ಕೆ ಇಳಿದಿತ್ತು. ಆಮೇಲೆ ವಿಮಾನ ನಿಲ್ದಾಣ, ಪ್ರವಾಸಿಗರು ಬಂದ ಮೇಲೆ ನಿಧಾನವಾಗಿ ಏರಿತು.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು: ಊರು ಬಿಟ್ಟವರಲ್ಲಿ ಅನೇಕರು ಕೊನೆಗೆ ಆಸ್ಟ್ರೇಲಿಯಾ ಸೇರಿದರು, ಅಲ್ಲಿಗೇ ಯಾಕೆ? ಮೊದಮೊದಲು ಅನೇಕರು ಹೋಗಿದ್ದು ಈಜಿಪ್ಟಿಗೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮೊದಲು ನೆಲೆ ನಿಂತವರು ತಮ್ಮಂದಿರನ್ನು, ಭಾವಂದಿರನ್ನು ಕರೆಸಿಕೊಂಡರು. 1924ರಲ್ಲಿ ಅಮೆರಿಕ ತನ್ನ ಬಾಗಿಲು ಬಹುಪಾಲು ಮುಚ್ಚಿದಾಗ ಈ ದಾರಿ ಇನ್ನೂ ಗಟ್ಟಿಯಾಯಿತು. ಇವತ್ತು ಪರ್ತ್ ಮತ್ತು ಸಿಡ್ನಿಯಲ್ಲಿರುವ ಈ ಊರಿನ ಮೂಲದವರು ಊರಿನಲ್ಲಿರುವವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಪಾಳುಮನೆಗಳಿಗೂ ವಾರಸುದಾರರಿದ್ದಾರೆ. ಒಂದೇ ಮನೆಗೆ ಎರಡು ಖಂಡಗಳಲ್ಲಿ ಹತ್ತಾರು ಮೊಮ್ಮಕ್ಕಳು ಹಕ್ಕುದಾರರಾದಾಗ ಎಲ್ಲರ ಸಹಿ ಸಿಗುವುದು ಕಷ್ಟ. ರಿಪೇರಿ ಅಲ್ಲಿಗೇ ನಿಲ್ಲುತ್ತದೆ.